ಬೆನಿಗ್ನ್ ಎಂಬ ಕಾಯಿಲೆ

2018ರಲ್ಲಿ ನಾನು ಬಾಗಲಕೋಟೆಯ ಒಂದು ಆಸ್ಪತ್ರೆಯಲ್ಲಿ ಹಿರಿಯ ಪೆಥಾಲಜಿಸ್ಟ್ ಆಗಿದ್ದೆ. ನಿವೃತ್ತಿಗೆ ನಾಲ್ಕು ವರ್ಷ ಬಾಕಿ ಇತ್ತು. ಪೆಥಾಲಜಿಸ್ಟ್ ಎಂದರೆ ಏನು ಕೆಲಸ ಎಂಬುದು ನಮ್ಮ ಅತ್ತೆಯವರಿಗೆ ಕೊನೆಯವರೆಗೂ ತಿಳಿಯಲಿಲ್ಲ. "ನಮ್ಮ ಸೊಸಿ ಡಾಕ್ಟರ್ ಅದಾಳ ಖರೆ, ಆದ್ರ ಪೇಷಂಟ್ ನೋಡಂಗಿಲ್ಲ" ಎಂದು ನೆಂಟರಿಗೆಲ್ಲ ಹೇಳುತ್ತಿದ್ದರು. ಮಾತು ಸುಳ್ಳೇನೂ ಅಲ್ಲ. ರೋಗಿಯ ಮೈಯಿಂದ ತೆಗೆದ ಚೂರು ನಮ್ಮ ಕೈಗೆ ಬರುತ್ತದೆ. ಅದನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಸ್ಲೈಡಿನ ಮೇಲೆ ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ಇದು ಇಂಥದ್ದು ಎಂದು ಬರೆದು ಸಹಿ ಮಾಡುವುದು ನಮ್ಮ ಕೆಲಸ. ಮುಖ ನೋಡುವವರು ಬೇರೆಯವರು.

ನನಗೆ ಅದೇ ಹಿತವಾಗಿತ್ತು. ನಾನು ಬೇವೂರಿನವಳು. "ಊರೇ ಬೇವೂರು, ಇನ್ನ ಮಾತು ಸಿಹಿ ಎಲ್ಲಿಂದ ಬರಬೇಕ್ರಿ" ಎಂದು ಲ್ಯಾಬಿನ ಹುಡುಗಿಯರು ನನ್ನ ಹಿಂದೆ ನಗುತ್ತಿದ್ದದ್ದು ನನಗೆ ಗೊತ್ತಿತ್ತು. ಹೆಚ್ಚು ಮಾತಾಡಬಾರದು, ಹೆಚ್ಚು ಬರೆಯಬಾರದು ಎಂಬುದು ನನ್ನ ವ್ರತ. ನನ್ನ ರಿಪೋರ್ಟುಗಳು ಎರಡೇ ಸಾಲಿನಲ್ಲಿ ಮುಗಿಯುತ್ತಿದ್ದವು. ಅದರ ಬಗ್ಗೆ ಒಂದಿಷ್ಟು ಗರ್ವವೂ ಇತ್ತು, ಈಗೇಕೆ ಮುಚ್ಚಿಡಲಿ.

ಆ ವರ್ಷ ನವೆಂಬರಿನಲ್ಲಿ ಇಳಕಲ್ಲಿನ ಹಸೀನಾ ಎಂಬ ಇಪ್ಪತ್ತಾರು ವರ್ಷದ ಹೆಂಗಸಿನ ಸ್ಯಾಂಪಲ್ ಬಂತು. ಏಳು ತಿಂಗಳ ಕೂಸಿನ ತಾಯಿ. ಬಲ ಮೊಲೆಯಲ್ಲಿ ಎರಡೂವರೆ ಸೆಂಟಿಮೀಟರಿನ ಗಡ್ಡೆ, ನೋವಿಲ್ಲ, ಬೆರಳಿಟ್ಟರೆ ಜಾರುತ್ತದೆ ಎಂದು ನಮ್ಮ ಸರ್ಜನ್ ಚೀಟಿಯಲ್ಲಿ ಬರೆದಿದ್ದರು. ದಪ್ಪ ಸೂಜಿಯಿಂದ ಶ್ಯಾವಿಗೆಯಂಥ ಮೂರು ಎಳೆ ತೆಗೆದು ಕಳಿಸಿದ್ದರು. ಇದಕ್ಕೆ ಕೋರ್ ಬಯಾಪ್ಸಿ ಎನ್ನುತ್ತೇವೆ.

ಸ್ಲೈಡ್ ನೋಡಿದ ಐದು ನಿಮಿಷಕ್ಕೆ ನನ್ನ ಮನಸ್ಸು ಹಗುರಾಯಿತು. ಹಾಲು ತಯಾರಿಸುವ ಗ್ರಂಥಿಗಳು ಒತ್ತೊತ್ತಾಗಿ ಕೂತಿದ್ದವು, ಆದರೆ ಶಿಸ್ತಾಗಿ ಕೂತಿದ್ದವು. ಜೀವಕೋಶಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರ. ಯಾವುದೂ ತನ್ನ ಗೋಡೆ ಒಡೆದುಕೊಂಡು ಪಕ್ಕದವರ ಹಿತ್ತಲಿಗೆ ನುಗ್ಗಿರಲಿಲ್ಲ. ಬಸುರಿ, ಬಾಣಂತಿಯರಲ್ಲಿ ಕಾಣಿಸಿಕೊಳ್ಳುವ, ಕೂಸು ಹಾಲು ಬಿಟ್ಟ ಮೇಲೆ ಎಷ್ಟೋ ಸಲ ತಾನೇ ಕುಗ್ಗಿಹೋಗುವ ನಿರಪಾಯದ ಗಡ್ಡೆ ಅದು. ಹೆಸರು ಲ್ಯಾಕ್ಟೇಟಿಂಗ್ ಅಡಿನೋಮಾ. ನಾನು ಇಂಗ್ಲಿಷಿನಲ್ಲಿ ನನ್ನ ಎರಡು ಸಾಲು ಬರೆದೆ: ಲ್ಯಾಕ್ಟೇಟಿಂಗ್ ಅಡಿನೋಮಾ, ಬೆನೈನ್ ಟ್ಯೂಮರ್. ನೆಗೆಟಿವ್ ಫಾರ್ ಮೆಲಿಗ್ನೆನ್ಸಿ. ಕ್ಯಾನ್ಸರ್ ಅಲ್ಲ ಎಂಬುದೇ ಎರಡರ ಅರ್ಥವೂ. ಸಹಿ ಮಾಡಿ ಮುಂದಿನ ಸ್ಲೈಡ್ ಎತ್ತಿಕೊಂಡೆ.

ಮರುದಿನ ರಿಪೋರ್ಟ್ ಒಯ್ಯಲು ಆಕೆಯ ಗಂಡ ಬಂದಿದ್ದ. ನಾನು ಕೌಂಟರ್ ದಾಟಿ ಹೋಗುತ್ತಿದ್ದಾಗ ಕಾಗದ ಮುಂದೆ ಹಿಡಿದು, "ಏನ್ ಬಂದೈತ್ರಿ ಮೇಡಮ್?" ಎಂದ. ನಾನು ನಿಲ್ಲಲಿಲ್ಲ. "ಟ್ಯೂಮರ್ ಐತಿ, ಸರ್ಜನ್ನರಿಗೆ ತೋರಸ್ರಿ" ಎಂದವಳೇ ನಡೆದುಬಿಟ್ಟೆ. ಸರ್ಜನ್ ಅವತ್ತಿನಿಂದಲೇ ಎರಡು ವಾರ ರಜೆಯಲ್ಲಿದ್ದರು ಎಂಬುದು ಆ ಕ್ಷಣಕ್ಕೆ ನನಗೆ ನೆನಪಾಗಲಿಲ್ಲ.

ಹನ್ನೊಂದು ದಿನ ಕಳೆದವು. ಒಂದು ಬೆಳಿಗ್ಗೆ ಲ್ಯಾಬಿನ ಬಾಗಿಲಲ್ಲಿ ಅದೇ ಮನುಷ್ಯ ನಿಂತಿದ್ದ. ಮಾಬೂಸಾಬ ಅಂತ ಹೆಸರು, ಇಳಕಲ್ಲಿನಲ್ಲಿ ಕೈಮಗ್ಗದ ನೇಕಾರ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿದ್ದವು. ಹೆಂಡತಿಯ ಸ್ಲೈಡ್ ಕೊಡಿ, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು ಎಂದ.

ನನಗೆ ಸಿಟ್ಟು ಬಂತು. ನನ್ನ ರಿಪೋರ್ಟಿನ ಮೇಲೆ ಭರವಸೆ ಇಲ್ಲವೇನು ಎಂಬ ಸಣ್ಣತನದ ಸಿಟ್ಟು. "ಹುಬ್ಬಳ್ಳಿಗೆ ಯಾಕ? ಇದಕ್ಕೇನ್ ಆಗೇತಿ?" ಎಂದೆ.

"ಬೆನಿಗ್ನ್ ಆಗೇತಲ್ರೀ ಆಕಿಗೆ" ಎಂದ.

ನನಗೆ ಮೊದಲು ಅರ್ಥವಾಗಲಿಲ್ಲ. ಅವನು ಕಿಸೆಯಿಂದ ನಾಲ್ಕು ಮಡಿಕೆಯ ಕಾಗದ ತೆಗೆದು, ನನ್ನದೇ ಅಕ್ಷರದ ಮೇಲೆ ಬೆರಳಿಟ್ಟ. ಬೆನೈನ್ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದಾಗ ನಡುವೆ ಒಂದು ಗಕಾರ ಬರುತ್ತದೆ, ಉಚ್ಚರಿಸುವುದಿಲ್ಲ. ಅವರ ಓಣಿಯಲ್ಲಿದ್ದ ಗಿರಿಮಲ್ಲಪ್ಪ ಮಾಸ್ತರರು, ನಿವೃತ್ತ ಹೈಸ್ಕೂಲ್ ಮಾಸ್ತರರು, ಒಂದಕ್ಷರವನ್ನೂ ಬಿಡದೆ ಓದಿ ಹೇಳಿದ್ದರು. "ಬೆನಿಗ್ನ್ ಟ್ಯೂಮರ್ ಅಂತ ಐತಪಾ. ಕೆಳಗ ಮಲಿಗ್ನ ಅಂತನೂ ಐತಿ. ಎಲ್ಲಾ ನೆಗೆಟಿವ್ ಬಂದೈತಿ" ಎಂದರಂತೆ. ಅಣ್ಣತಮ್ಮಂದಿರಂತೆ ಕಿವಿಗೆ ಬೀಳುವ ಎರಡು ಹೆಸರು. ಮೇಲೆ ನೆಗೆಟಿವ್ ಬೇರೆ! ಪರೀಕ್ಷೆ, ವ್ಯಾಪಾರ, ಮದುವೆ ಮಾತುಕತೆ, ಎಲ್ಲದರಲ್ಲೂ ನೆಗೆಟಿವ್ ಎಂದರೆ ಕೆಟ್ಟದ್ದೇ ಅಲ್ಲವೇ? ಇದರಲ್ಲಿ ಮಾತ್ರ ಒಳ್ಳೆಯದು ಎಂದು ಅವರಿಗೆ ಯಾರು ಹೇಳಿದ್ದರು? ಮಾಸ್ತರರದು ತಪ್ಪಲ್ಲ. ಎಲ್ಲಕ್ಕೂ ಮೊದಲು ಟ್ಯೂಮರ್ ಎಂಬ ಪದವನ್ನು ಅವನ ಕಿವಿಗೆ ಹಾಕಿ ಹೋದವಳು ನಾನೇ.

ನನಗೆ ನಗು ಬಂತು. ಆದರೆ ಅವನ ಮುಂದಿನ ಮಾತಿಗೆ ನಗು ಹಾರಿಹೋಯಿತು. "ಅವತ್ತಿಂದ ಕೂಸಿಗೆ ಹಾಲ ಬಿಡಿಸೇವ್ರಿ. ಹಾಲಿನಾಗ ಕೂಸಿಗೂ ಹೋಗಬಾರದಲ್ರೀ. ಹುನಗುಂದಕ್ಕ ನಮ್ಮಕ್ಕನ ಮನ್ಯಾಗ ಇಟ್ಟೇವಿ. ಡಬ್ಬಿ ಹಾಲು ಒಗ್ಗವಲ್ದು, ಭೇದಿ ಹಚ್ಚೈತಿ. ಇಲ್ಲಿ ಈಕಿ ಮೊಲಿಗೆ ಅರಿಬಿ ಬಿಗದ ಕಟಗೊಂಡ ಕುಂತಾಳ. ಹಿಂಡಿ ಹಿಂಡಿ ಬೇವಿನ ಬುಡಕ್ಕ ಹಾಕತಾಳ್ರಿ. ಈಗ ಆ ಕಡಿ ಮೊಲ್ಯಾಗೂ ಮೂರ್ನಾಕು ಗಂಟು ಎದ್ದಾವು. ಹಬ್ಬೇತಿ ಅಂತ ಹೆದರೇವ್ರಿ."

ಎಂಥ ಸುಳಿಗೆ ಸಿಕ್ಕಿದ್ದರು ನೋಡಿ. ಎದೆ ತುಂಬ ಹಾಲಿರುವ ತಾಯಿ ಒಮ್ಮೆಲೇ ಕೂಸನ್ನು ಬಿಡಿಸಿದರೆ ಹಾಲು ಕಟ್ಟಿ ಗಂಟು ಏಳುವುದು ಸಹಜ. ಆ ಗಂಟುಗಳನ್ನು ಕಂಡು ರೋಗ ಹರಡಿತೆಂದು ತಿಳಿದರು. ಹರಡಿತೆಂದು ತಿಳಿದಷ್ಟೂ ಅರಿವೆಯನ್ನು ಬಿಗಿದು ಕಟ್ಟಿದರು. ಇಲ್ಲದ ಕ್ಯಾನ್ಸರಿಗೆ ಇರುವ ಕೂಸು ಒಣಗುತ್ತಿತ್ತು. ಮೂವತ್ತು ವರ್ಷದ ವೃತ್ತಿಯಲ್ಲಿ ಒಂದೇ ಒಂದು ಸ್ಲೈಡನ್ನೂ ತಪ್ಪಾಗಿ ಓದಿಲ್ಲ ಎಂದು ಬೀಗುತ್ತಿದ್ದವಳಿಗೆ ಅವತ್ತು ನಾಚಿಕೆಯಾಯಿತು.

"ಮಾಬೂಸಾಬ, ನಿಮ್ಮ ಹೆಣ್ತಿಗೆ ಕ್ಯಾನ್ಸರ್ ಇಲ್ಲ" ಎಂದೆ. ಅವನ ಬೆರಳು ಇನ್ನೂ ಆ ಕಾಗದದ ಮೇಲೇ ಇತ್ತು. ಮತ್ತೊಮ್ಮೆ ಹೇಳಿದೆ. ಮೂರನೆಯ ಸಲ ಹೇಳಿದಾಗ, "ಮತ್ತ ಈ ಬೆನಿಗ್ನ್?" ಎಂದ. "ಬೆನೈನ್ ಅಂದ್ರ ಕ್ಯಾನ್ಸರ್ ಅಲ್ಲಾಂತನ ಅರ್ಥ. ನೆಗೆಟಿವ್ ಅಂದ್ರನೂ ಕ್ಯಾನ್ಸರ್ ಸಿಕ್ಕಿಲ್ಲ ಅಂತ. ನಾಳಿ ಆಕೀನ ಕರಕೊಂಡ ಬರ್ರಿ. ಹುನಗುಂದದಾಗ ಇಳದು ಕೂಸಿನ್ನೂ ಎತಗೊಂಡ ಬರ್ರಿ" ಎಂದೆ. ಅವನು ಅಲ್ಲೇ ಗೋಡೆಗೆ ಆತು ಕುಳಿತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಲ್ಯಾಬಿನ ಹುಡುಗಿ ನೀರು ತಂದಳು.

ಮರುದಿನ ಹತ್ತೂವರೆಗೆ ಮೂವರೂ ಬಂದರು. ಅತ್ತೆಯವರ ಮಾತು ಅವತ್ತು ಸುಳ್ಳಾಯಿತು. ನಾನು ಮೈಕ್ರೋಸ್ಕೋಪ್ ಬಿಟ್ಟು ಪೇಷಂಟ್ ನೋಡಿದೆ. ಹಸೀನಾ ಸಣಕಲು ಹೆಂಗಸು. ಕೂಸು ಮಾಬೂಸಾಬನ ಹೆಗಲ ಮೇಲಿತ್ತು, ಆಕೆ ಎರಡು ಮಾರು ದೂರ ಕುಳಿತಿದ್ದಳು. ಕೂಸು ಅವ್ವನ ಕಡೆ ಕೈ ಚಾಚಿದಾಗೆಲ್ಲ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಅದನ್ನು ನೋಡುವುದು ನನ್ನಿಂದ ಆಗಲಿಲ್ಲ.

ಮೊದಲು ಹೊಸ ಗಂಟುಗಳ ಸ್ಕ್ಯಾನ್ ಮಾಡಿಸಿದೆವು. ಕಟ್ಟಿದ ಹಾಲು, ಬೇರೇನಲ್ಲ. ಹಳೆಯ ಗಡ್ಡೆ ಅಷ್ಟೇ ಇತ್ತು. ಹೆರಿಗೆ ವಿಭಾಗದ ಡಾಕ್ಟರೂ ನೋಡಿ, ಇವತ್ತಿನಿಂದಲೇ ಕುಡಿಸಬಹುದು ಎಂದರು. ಹಸೀನಾ ಅಲುಗಲಿಲ್ಲ. "ಇವರೆಲ್ಲಾ ನನಗ ಸಮಾಧಾನ ಮಾಡಾಕತ್ತಾರ" ಎಂದಳು ಗಂಡನಿಗೆ.

ಆಗ ನಾನು ಆಕೆಯನ್ನು ಲ್ಯಾಬಿಗೆ ಕರೆದೊಯ್ದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ. ಆಕೆಯದೇ ಸ್ಲೈಡ್ ಇಟ್ಟೆ. ಪಕ್ಕದಲ್ಲಿ, ಹೋಲಿಸಲೆಂದು ಲ್ಯಾಬಿನಲ್ಲಿಟ್ಟಿದ್ದ ಒಂದು ಹಳೆಯ ಕ್ಯಾನ್ಸರ್ ಸ್ಲೈಡ್. ಹೇಳಲು ಶುರುಮಾಡಿದೆ. ಬೆನೈನ್ ಗಡ್ಡೆ ಬೆಳೆಯುತ್ತದೆ, ಆದರೆ ತನ್ನ ಎಲ್ಲೆಯೊಳಗೆ. ಸುತ್ತಲಿನದನ್ನು ಸರಿಸುತ್ತದೆ, ಒಳಹೊಕ್ಕು ತಿನ್ನುವುದಿಲ್ಲ. ಕ್ಯಾನ್ಸರಿಗೆ ಎಲ್ಲೆ ಇಲ್ಲ. ಬೇರು ಬಿಟ್ಟಂತೆ ನುಗ್ಗುತ್ತದೆ, ರಕ್ತ ಹಿಡಿದು ದೂರದ ಎಲುಬಿಗೂ ಶ್ವಾಸಕೋಶಕ್ಕೂ ಹೋಗಿ ಕೂರುತ್ತದೆ. ಈ ಹೋಗಿ ಕೂರುವುದಕ್ಕೆ ಮೆಟಾಸ್ಟೇಸಿಸ್ ಎನ್ನುತ್ತೇವೆ, ಬೆನೈನ್ ಗಡ್ಡೆಗೆ ಆ ಚಾಳಿ ಇಲ್ಲ. ನಾನು ಹೇಳಿದ್ದರಲ್ಲಿ ಎಷ್ಟು ಆಕೆಗೆ ಮುಟ್ಟಿತೋ ಕಾಣೆ. ಆಕೆ ಮಾತ್ರ ಕಣ್ಣು ತೆಗೆಯದೆ ಒಂದು ಸ್ಲೈಡಿನಿಂದ ಇನ್ನೊಂದಕ್ಕೆ ನೋಡುತ್ತಲೇ ಇದ್ದಳು.

ಹಸೀನಾಳ ಕೆಲಸ ಕೊಂಡಿ ಕಟ್ಟುವುದು. ಇಳಕಲ್ ಸೀರೆಯ ಒಡಲಿನ ಎಳೆಗಳು ಬೇರೆ, ಸೆರಗಿನ ಎಳೆಗಳು ಬೇರೆ. ಅವುಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು. ಒಂದು ಎಳೆ ತಪ್ಪಿದರೂ ಆಕೆಯ ಬೆರಳಿಗೆ ತಿಳಿಯುತ್ತದೆ. ಎದೆಯ ಗಡ್ಡೆಯನ್ನು ಮೊದಲು ಹುಡುಕಿದ್ದೂ ಆ ಬೆರಳುಗಳೇ.

"ಇದು ಗಂಟು ಐತ್ರಿ" ಎಂದಳು ತನ್ನ ಸ್ಲೈಡಿಗೆ. ಆಮೇಲೆ ಇನ್ನೊಂದನ್ನು ನೋಡಿ, "ಇದು ನುಸಿ" ಎಂದಳು.

ಏನು ಹಾಗೆಂದರೆ ಎಂದು ಕೇಳಿದೆ.

"ಸೀರ್ಯಾಗ ಒಂದ್ ಗಂಟು ಉಳದ್ರ ಅದು ಇದ್ದಲ್ಲೇ ಇರತೈತ್ರಿ. ಬೆರಳಿಗೆ ಹತ್ತತೈತಿ, ಅಷ್ಟ. ಪಕ್ಕದ ಎಳಿಗೇನೂ ಮಾಡಂಗಿಲ್ಲ. ನುಸಿ ಹೊಕ್ಕರ ಹಂಗಲ್ಲ. ಈ ಸೀರಿ ತಿಂದು ಆ ಸೀರಿಗೆ ಹೋಕ್ಕತಿ, ಟ್ರಂಕಿನಾಗಿಂದು ಒಂದೂ ಬಿಡಂಗಿಲ್ಲ. ನಂದು ಗಂಟು. ಹೌದಲ್ರೀ?"

ನಾನು ವೈದ್ಯ ವಿದ್ಯಾರ್ಥಿಗಳಿಗೆ ಇಪ್ಪತ್ತು ವರ್ಷ ಪಾಠ ಮಾಡಿದವಳು. ಇಷ್ಟು ಚೊಕ್ಕಾಗಿ ಒಮ್ಮೆಯೂ ಹೇಳಿರಲಿಲ್ಲ. "ಹೌದವ್ವಾ, ಗಂಟು" ಎಂದೆ. "ಇನ್ನ ಹಾಲಿನ ಮಾತು. ಗಂಟು ಹಾಲಿನಾಗ ಕೂಸಿಗೆ ಹೋಗಂಗಿಲ್ಲ. ಕ್ಯಾನ್ಸರ್ ಸೈತ ಅಂಟುರೋಗ ಅಲ್ಲ."

ಹಸೀನಾ ಎದ್ದಳು. ಗಂಡನ ಹೆಗಲಿನಿಂದ ಕೂಸನ್ನು ಸೆಳೆದುಕೊಂಡು ಲ್ಯಾಬಿನ ಮೂಲೆಯ ಪರದೆಯ ಹಿಂದೆ ಹೋದಳು. ಕೂಸು ಮೊದಲು ಚೀರಿತು, ಇಷ್ಟು ದಿನಕ್ಕೆ ರೂಢಿ ತಪ್ಪಿತ್ತೋ ಏನೋ. ಬಾಯಿ ತಿರುಗಿಸಿಕೊಂಡು ಮತ್ತೆ ಚೀರಿತು. ನಾವೆಲ್ಲ ಕೆಲಸ ಮಾಡುವವರಂತೆ ನಟಿಸುತ್ತ ನಿಂತಿದ್ದೆವು. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಗುಟುಕು ಗುಟುಕಾಗಿ ಕುಡಿಯುವ ಸದ್ದು ಕೇಳಿಸಿತು. ಮಾಬೂಸಾಬ ಎರಡೂ ಕೈ ಎತ್ತಿ ಏನೋ ಹೇಳಿಕೊಂಡ.

ಹೊರಡುವಾಗ ಹಸೀನಾ ಹಳೆಯ ರಿಪೋರ್ಟನ್ನು ಮೇಜಿನ ಮೇಲಿಟ್ಟಳು. "ನೀವು ಹೇಳಿದ್ದು ನಾ ಹೋಗಿ ಹೇಳಿದ್ರ ಓಣ್ಯಾಗ ಯಾರೂ ನಂಬಂಗಿಲ್ಲ, ಹುನಗುಂದದ ನಮ್ಮ ನಾದಿನಿನೂ ನಂಬಂಗಿಲ್ಲ. ಬರದದ್ದ ನಂಬತಾರ. ನಾ ಏಳನೇತ್ತೆ ಕಲ್ತೇನಿ. ಕನ್ನಡದಾಗ ಬರೀರಿ" ಎಂದಳು.

ಲ್ಯಾಬಿನಲ್ಲಿ ನಾನು ಕನ್ನಡದಲ್ಲಿ ಬರೆದದ್ದು ಅದೇ ಮೊದಲು. ಪೆನ್ನು ತಡವರಿಸಿತು. "ಇದು ಕ್ಯಾನ್ಸರ್ ಅಲ್ಲ. ಮಗುವಿಗೆ ಹಾಲು ಕುಡಿಸಬಹುದು. ನಾಲ್ಕು ತಿಂಗಳಿಗೆ ಮತ್ತೆ ತೋರಿಸಬೇಕು" ಎಂದು ಬರೆದು, ಇಂಗ್ಲಿಷ್ ಸಾಲುಗಳ ಕೆಳಗೆ ಇನ್ನೊಂದು ಸಹಿ ಹಾಕಿದೆ.

ಮತ್ತೆ ತೋರಿಸಬೇಕು ಎಂದದ್ದಕ್ಕೆ ಕಾರಣವಿದೆ. ಬೆನೈನ್ ಎಂದರೆ ಮರೆತುಬಿಡಿ ಎಂದಲ್ಲ. ಕೆಲವು ಗಂಟು ಕೂತ ಜಾಗವೇ ಸರಿಯಿರುವುದಿಲ್ಲ. ಮೆದುಳಿನಲ್ಲಾದರೆ ನಿರಪಾಯದ ಗಡ್ಡೆಯೂ ಒತ್ತಿ ಅಪಾಯ ಮಾಡುತ್ತದೆ. ಕೆಲವು ಜಾತಿಯವು, ಅಪರೂಪಕ್ಕೆ, ಮುಂದೆ ಬದಲಾಗುವುದೂ ಉಂಟು. ಮೇಲಾಗಿ ಗಂಟೋ ನುಸಿಯೋ ಎಂಬುದನ್ನು ಬೆರಳು ಹೇಳಲಾರದು, ಹಸೀನಾಳ ಬೆರಳೂ ಹೇಳಲಾರದು. ಡಾಕ್ಟರಿಗೆ ತೋರಿಸಿ ಪರೀಕ್ಷೆ ಮಾಡಿಸಲೇಬೇಕು.

ನಾಲ್ಕು ತಿಂಗಳಿಗೆ ಸರಿಯಾಗಿ ಹಸೀನಾ ಬಂದಳು, ಒಬ್ಬಳೇ ಅಲ್ಲ. ಪಕ್ಕದ ಮನೆಯ ಗೌರವ್ವ ಎಂಬ ಐವತ್ತು ದಾಟಿದ ಹೆಂಗಸನ್ನು ಎಳೆದುಕೊಂಡು ಬಂದಿದ್ದಳು. ಎದೆಯ ಗಂಟನ್ನು ಆಕೆ ಯಾರಿಗೂ ಹೇಳದೆ ಎರಡು ತಿಂಗಳು ಮುಚ್ಚಿಟ್ಟಿದ್ದಳಂತೆ. "ಗಂಟೋ ನುಸಿಯೋ ಮೊದಲ ನೋಡಸೂಣ, ಆಮ್ಯಾಲ ಅಳೂಣು ಅಂತ ಕರಕೊಂಡ ಬಂದೇನ್ರಿ" ಎಂದಳು ಹಸೀನಾ. ಗೌರವ್ವನದು ನುಸಿಯೇ ಆಗಿತ್ತು. ಆದರೆ ಚಿಕ್ಕದಿತ್ತು, ಕಂಕುಳಿಗೂ ಹೋಗಿರಲಿಲ್ಲ. ಆಪರೇಷನ್ ಆಯಿತು, ಔಷಧ ಆಯಿತು. ಇವತ್ತಿಗೂ ಆಕೆ ಗಟ್ಟಿಯಾಗಿದ್ದಾಳೆ.

ಹಸೀನಾಳ ಗಡ್ಡೆ ಅರ್ಧಕ್ಕಿಂತ ಕಡಿಮೆಯಾಗಿತ್ತು. ಅಷ್ಟರಲ್ಲಿ ನಮ್ಮ ಎಲ್ಲ ರಿಪೋರ್ಟಿನ ಕೆಳಗೂ ಒಂದೆರಡು ಕನ್ನಡ ಸಾಲು ಬರೆಯುವ ಪದ್ಧತಿ ಬಂದಿತ್ತು. ನಿವೃತ್ತಿಯ ದಿನದವರೆಗೂ ನಾನದನ್ನು ಬಿಡಲಿಲ್ಲ. ಸಹಿ ಹಾಕಿದಾಗ ರಿಪೋರ್ಟ್ ಮುಗಿಯಿತು ಎಂದು ಮೂವತ್ತು ವರ್ಷ ನಂಬಿದ್ದೆ. ಯಾರ ಮೈಯ ಬಗ್ಗೆ ಬರೆದಿದ್ದೇವೆಯೋ ಅವರಿಗೆ ತಿಳಿದಾಗಲೇ ಅದು ಮುಗಿಯುವುದು ಎಂದು ಕೆಲಸ ನನಗೆ ಕಲಿಸಿತು, ಕೊಂಚ ತಡವಾಗಿ.

ಅವತ್ತು ಹಸೀನಾ ಕೌಂಟರಿನಲ್ಲಿ ನಿಂತು ತನ್ನ ಹೊಸ ರಿಪೋರ್ಟಿನ ಕನ್ನಡ ಸಾಲುಗಳನ್ನು ಒಂದೊಂದೇ ಅಕ್ಷರ ಕೂಡಿಸಿ, ಎಲ್ಲರಿಗೂ ಕೇಳುವಂತೆ ಓದಿದಳು. ಕಂಕುಳಲ್ಲಿದ್ದ ಕೂಸು ಕಾಗದಕ್ಕೆ ಕೈ ಹಾಕುತ್ತಿತ್ತು. ಓದಿ ಮುಗಿಸಿ, ಮಡಿಚಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಈ ಸಲ ಮಾಸ್ತರ ಬೇಕಾಗ್ಲಿಲ್ಲ ನೋಡ್ರಿ" ಎಂದಳು.