ಪಂಕ್ಚರ್ ಬೀರಮ್ಮನ ಒದ್ದೆ ಗೋಣಿ

ಇನ್ನೂ ಪೂರ್ತಿ ಬೆಳಕಾಗಿಲ್ಲ. ರಾವಂದೂರಿಗೆ ಹೋಗಿ ಸೇರುವ ಒಳರಸ್ತೆಯಲ್ಲಿ ಬೀರಮ್ಮ ಹೆಗಲಿಗೆ ಹಗ್ಗ ಹಾಕಿಕೊಂಡು, ಮುಂದಕ್ಕೆ ಬಾಗಿ ಏನನ್ನೋ ಎಳೆಯುತ್ತಿದ್ದಾರೆ. ಹಿಂದೆ ನೆಲ ಸವರಿಕೊಂಡು ಬರುತ್ತಿರುವುದು ನೀರಲ್ಲಿ ನೆನೆಸಿದ ಗೋಣಿಚೀಲ. ಅದರ ಮೇಲೆ ಎರಡು ಕಲ್ಲು. ಸ್ವಲ್ಪ ದೂರ ಎಳೆದು ನಿಲ್ಲುತ್ತಾರೆ, ಗೋಣಿಯನ್ನು ಮಗುಚಿ ಬ್ಯಾಟರಿ ಬಿಡುತ್ತಾರೆ. ಒದ್ದೆ ನಾರಿಗೆ ಕಚ್ಚಿಕೊಂಡ ಜಾಲಿಮುಳ್ಳುಗಳು ಬೆಳ್ಳಗೆ ಹೊಳೆಯುತ್ತವೆ.

"ಬಂದ್ರಾ ನೆಂಟ್ರು! ಬನ್ನಿ ಬನ್ನಿ, ಒಲೆ ಕಾಯ್ತಾ ಅದೆ," ಎಂದು ಮುಳ್ಳನ್ನೆಲ್ಲ ಡಬ್ಬಕ್ಕೆ ಕೆರೆದು ಹಾಕಿಕೊಳ್ಳುತ್ತಾರೆ.

ಈ ನೆಂಟರನ್ನು ಕರೆತಂದವರು ಶುಂಠಿ ಬೆಳೆಯುವ ಸಿದ್ದಯ್ಯ. ಶುಂಠಿ ಹೊಲಕ್ಕೆ ದನ ನುಗ್ಗದಂತೆ ಬೇಲಿಯ ಸಂದು ಮುಚ್ಚಬೇಕೆಂದರೆ, ಕೆರೆ ಏರಿಯ ಜಾಲಿ ಕಡಿದು, ಹೊರೆ ಕಟ್ಟಿ, ಎತ್ತಿನ ನೊಗಕ್ಕೆ ಬಿಗಿದು ರಸ್ತೆಯುದ್ದಕ್ಕೂ ಎಳೆದುಕೊಂಡು ಹೋಗುವುದು ಇಲ್ಲಿಯ ರೂಢಿ. ಹೊರೆ ಹೊಲ ಸೇರುತ್ತದೆ, ಉದುರಿದ ಮುಳ್ಳು ರಸ್ತೆಯಲ್ಲೇ ಉಳಿಯುತ್ತದೆ. ನಿನ್ನೆ ಸಂಜೆ ಸಿದ್ದಯ್ಯ ಒಂದು ಹೊರೆ ಎಳೆದಿದ್ದಾರೆ. ಇನ್ನು ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಸೈಕಲ್ಲುಗಳು ಬರಬೇಕು. ರಾವಂದೂರಿನಲ್ಲಿ ನಿಲ್ಲುವ ವ್ಯಾನು ಏಳಕ್ಕೆ ಹೊರಟರೆ ಹಿಂದೆ ತಿರುಗಿ ನೋಡುವುದಿಲ್ಲ. ಸರ್ವಮಂಗಳ ಎಂಬಾಕೆ ಈ ತಿಂಗಳು ಎರಡು ಸಲ ಅದನ್ನು ತಪ್ಪಿಸಿಕೊಂಡಿದ್ದಾಳೆ, ಎರಡು ಸಲವೂ ಪಂಕ್ಚರ್. ಮೂರನೆಯ ಸಲವಾದರೆ ಮನೆಯಲ್ಲೇ ಇರು ಎಂದು ಸೂಪರ್‌ವೈಸರ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾನೆ.

"ಆವತ್ತು ನನ್ ಅಂಗ್ಡಿ ಮುಂದೆ ನಿಂತ್ಕಂಡು ಅತ್ಲು ಕಣವ್ವ. ನಾನು ಪ್ಯಾಚ್ ಆಕ್ತಾ ಇವ್ನಿ, ಅವ್ಳು ರಸ್ತೆ ನೋಡ್ಕಂಡು ಅಳ್ತಾ ಅವ್ಳೆ. ಅವ್ಳ್ ಕಣ್ಣೀರ್‌ಗಿಂತ ಬೇಗ ನನ್ ಪ್ಯಾಚ್ ಒಣಗ್ನಿಲ್ಲ," ಎನ್ನುತ್ತಾರೆ ಬೀರಮ್ಮ.

ಹೊಂಗೆ ಮರದ ಕೆಳಗಿನ ಆ ಅಂಗಡಿ ಮೊದಲು ಗಂಡ ಮಹದೇವಯ್ಯನವರದು. ಹುಣಸೆ ಮರದಿಂದ ಬಿದ್ದು ಅವರ ಸೊಂಟ ಮುರಿದ ಮೇಲೆ ಪಂಪು, ಪಾನಾ, ನೀರಿನ ಬಾಂಡ್ಲಿ ಎಲ್ಲ ಬೀರಮ್ಮನ ಕೈಗೆ ಬಂದವು. ಹೆಂಗಸು ಟೈರು ಬಿಚ್ಚುವುದನ್ನು ನೋಡಲೆಂದೇ ಜನ ಬೀಡಿ ಹಚ್ಚಿಕೊಂಡು ನಿಲ್ಲುತ್ತಿದ್ದರು. ಮೊದಮೊದಲು ಬೀರಮ್ಮನೂ ಎಡವಿದರು. ಇವತ್ತು ಪ್ಯಾಚು ಹಾಕಿಸಿಕೊಂಡು ಹೋದ ಸೈಕಲ್ಲು ನಾಳೆ ಅದೇ ಜಾಗದಲ್ಲಿ ತೂತಾಗಿ ವಾಪಸ್ ಬರುತ್ತಿತ್ತು. ಚಾಪೆಯ ಮೇಲೆ ಮಲಗಿದ್ದಲ್ಲಿಂದಲೇ ಮಹದೇವಯ್ಯ ನಕ್ಕಿದ್ದರು: "ತೂತ ಮುಚ್ದೆ, ಸರಿ. ಕಳ್ಳನ್ನ ಮನೆ ಒಳ್ಗೇ ಬುಟ್ಕಂಡಲ್ಲಮ್ಮಿ!" ಟೈರಿನೊಳಗೆ ಬೆರಳಾಡಿಸಿದಾಗ ಮುರಿದ ಮುಳ್ಳಿನ ತುದಿ ಅಲ್ಲೇ ಕೂತಿತ್ತು. ಅಂದಿನಿಂದ ಟೈರಿನ ಒಳಗನ್ನು ಸವರಿ ನೋಡದೆ ಬೀರಮ್ಮ ಟ್ಯೂಬು ಕೂರಿಸುವುದಿಲ್ಲ. ಸವೆದ ಟೈರಾದರೆ ಹಳೇ ಸ್ಕೂಟರ್ ಟ್ಯೂಬನ್ನು ಸೀಳಿ ಒಳಗೊಂದು ಪಟ್ಟಿ ಹಾಸುತ್ತಾರೆ. ಗಾಳಿ ಕಮ್ಮಿ ಇಟ್ಟುಕೊಂಡು ಬಂದವರಿಗೆ ಬೈಗುಳ ಗ್ಯಾರಂಟಿ.

ಗೋಣಿಯ ಉಪಾಯ ಹೊಳೆದದ್ದು ಮಾತ್ರ ಆಕಸ್ಮಿಕ. ಒಗೆದ ಗೋಣಿಯನ್ನು ಹಿತ್ತಲಿನಿಂದ ಎಳೆದುಕೊಂಡು ಬಂದು ಒಣಹಾಕಿದರೆ, ಅದರ ತುಂಬ ಅಂಗಳದ ಮುಳ್ಳು! "ಎಳ್ದು ಉದುರ್ಸಿದ್ನ ಎಳ್ದೇ ಎತ್ಬೋದಲ್ವಾ ಅನ್ನುಸ್ತು," ಎನ್ನುತ್ತಾರೆ. ಮುಳ್ಳಿನ ಹೊರೆ ಹೋದ ಮರುದಿನ ಮುಂಜಾನೆ ಗೋಣಿ ಹೊರಡುತ್ತದೆ. ಪಂಕ್ಚರ್ ಅಂಗಡಿಯವಳೇ ಮುಳ್ಳು ಎತ್ತಿದರೆ ಒಲೆ ಉರಿಯುವುದು ಹೇಗೆಂದು ಊರು ಆಡಿಕೊಳ್ಳುತ್ತದೆ. ಚೈನು, ಬ್ರೇಕು, ಬೈಕಿನ ಟ್ಯೂಬು ಇವೆಯಲ್ಲ ಎಂಬುದು ಬೀರಮ್ಮನ ಲೆಕ್ಕ.

ಇವತ್ತು ಏರಿಯಿಂದ ಅಂಗಡಿಯವರೆಗೆ ಗೋಣಿ ಎಳೆದು ಮುಗಿಸಿ, ಮಹದೇವಯ್ಯ ಕೊಟ್ಟ ಟೀ ಲೋಟಕ್ಕೆ ಬಾಯಿಟ್ಟಿದ್ದಾರೆ ಅಷ್ಟೆ. ಹಿಂದಿನಿಂದ ಸರ ಸರ ಸರ ಸದ್ದು. ತಿರುಗಿ ನೋಡಿದರೆ ಸಿದ್ದಯ್ಯ! ಏರಿಯಿಂದಲೇ ಇನ್ನೊಂದು ಹೊರೆ, ಈಗಷ್ಟೇ ಹಸನು ಮಾಡಿದ ರಸ್ತೆಯ ಉದ್ದಕ್ಕೂ!

"ಅಯ್ಯೋ ನಿನ್ ಮನೆ ಕಾಯೋಗ! ನಿಲ್ಸೋ ಸಿದ್ದಣ್ಣ!"

"ಯಾಕ್ ಬೀರಕ್ಕ, ರಸ್ತೆ ಏನ್ ನಿಮ್ ಮಾವ ಮಾಡ್ಸಿದ್ದಾ?"

"ನಮ್ ಮಾವ ಮಾಡ್ಸಿದ್ರೆ ನಿನ್ನ ಕಾಲಿಕ್ಕಕ್ಕೂ ಬುಡ್ತಿರ್ನಿಲ್ಲ! ಎಣ್ಮಕ್ಳು ಬರೋ ಒತ್ತು ಕಣೋ. ಇವತ್ತು ವ್ಯಾನ್ ತಪ್ಪುದ್ರೆ ಆ ಸರ್ವಮಂಗಳನ ಕೆಲ್ಸ ಓಯ್ತು. ನೀನ್ ಕೊಡ್ತೀಯಾ ಸಂಬ್ಳ?"

ಸಿದ್ದಯ್ಯ ಹಗ್ಗ ಜಗ್ಗಿ ಎತ್ತು ನಿಲ್ಲಿಸುತ್ತಾರೆ. ಬೀರಮ್ಮನ ಕಣ್ಣು ಅಷ್ಟರಲ್ಲಾಗಲೇ ಎತ್ತುಗಳ ಮೇಲಿದೆ. ತಾನೊಬ್ಬಳೇ ಎಳೆದರೆ ಹೊತ್ತು ಸಾಲದು, ಇವೆರಡು ಎಳೆದರೆ? ಹೊರೆಯನ್ನು ಅಲ್ಲೇ ರಸ್ತೆ ಬದಿಗೆ ಬಿಚ್ಚಿ ಹಾಕಿದ್ದಾಯಿತು. ನೊಗಕ್ಕೆ ಎರಡು ಗೋಣಿ ಪಕ್ಕಪಕ್ಕ ಬಿಗಿದದ್ದಾಯಿತು, ಬಾಂಡ್ಲಿಯ ನೀರು ಸುರಿದದ್ದಾಯಿತು.

"ಊರೋರು ನೋಡುದ್ರೆ ನಗ್ತಾರೆ ಕಣಕ್ಕ. ಎತ್ಗಳ್ ಕೈಲಿ ಚೀಲ ಎಳ್ಸೋದಾ?"

"ನಗ್ಲಿ ಬುಡು, ಹಲ್ಲಾದ್ರೂ ಉಜ್ಕತಾರೆ. ಒಡಿ ಎತ್ಗಳ್ನ!"

ಆಗಷ್ಟೇ ಮುಳ್ಳು ಎಳೆದ ಎತ್ತುಗಳೇ ಈಗ ಗೋಣಿ ಕಟ್ಟಿಕೊಂಡು ಏರಿಯ ಕಡೆಗೆ ದಡದಡನೆ ಹೊರಡುತ್ತವೆ. ಬೀರಮ್ಮ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲೇ ಓಡುತ್ತಾರೆ, ಗೋಣಿ ತುಂಬಿದಾಗೆಲ್ಲ ಮಗುಚಿ ಕೆರೆಯುತ್ತಾರೆ, ಮತ್ತೆ ಓಡುತ್ತಾರೆ. ಏರಿ ಮುಟ್ಟುವುದಕ್ಕೂ ಅತ್ತಲಿಂದ ಬೆಲ್ಲುಗಳ ಟ್ರಿಣ್ ಟ್ರಿಣ್ ಕೇಳುವುದಕ್ಕೂ ಸರಿಹೋಗುತ್ತದೆ. ಟಿಫಿನ್ ಬ್ಯಾಗು, ಮಲ್ಲಿಗೆ, ನಗು, ಸಾಲಾಗಿ ಇಳಿದು ಬರುತ್ತವೆ. ಎಲ್ಲರಿಗಿಂತ ಹಿಂದೆ ಸರ್ವಮಂಗಳ.

"ಅಕ್ಕಾ, ನಿಲ್ಲಕಾಗಲ್ಲಾ!"

"ನಿಂತ್ರೆ ಒದೀತೀನಿ, ಓಗವ್ವಾ!"

ಮುಂದಿನದು ಕಾಣುವುದಿಲ್ಲ; ಹೊಂಗೆ ಮರದ ಹತ್ತಿರ ರಸ್ತೆ ಬರಿಯ ಮಂಜು. ಬೀರಮ್ಮ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದಾರೆ. ಸಿದ್ದಯ್ಯನೂ ಕತ್ತು ಚಾಚಿ ನೋಡುತ್ತಿದ್ದಾರೆ, ತಮ್ಮದೇ ಮಗಳು ಪರೀಕ್ಷೆಗೆ ಹೋದಂತೆ. ಆಮೇಲೆ ಮಂಜು ತುಸು ಸರಿದು, ಅಂಗಡಿಯ ಬಳಿ ಬಿಳಿಯದೊಂದು ಅಲ್ಲಾಡುತ್ತದೆ. ಕೂತಲ್ಲಿಂದಲೇ ಮಹದೇವಯ್ಯ ಟವೆಲ್ಲು ಬೀಸುತ್ತಿದ್ದಾರೆ. ಒಂದು ಸೈಕಲ್ಲೂ ನಿಂತಿಲ್ಲ!

"ದಾಟ್ಬುಟ್ಲು ಕಣೋ! ದಾಟ್ಬುಟ್ಲು!" ಬೀರಮ್ಮ ಎತ್ತಿನ ಬೆನ್ನು ಚಪ್ಪರಿಸುತ್ತಾರೆ.

ಸಿದ್ದಯ್ಯ ಗೋಣಿಯನ್ನು ಸುತ್ತಿ ನೊಗದ ಮೇಲೆ ಹಾಕಿಕೊಳ್ಳುತ್ತಾರೆ. "ನಾಳಿಂದ ಮುಳ್ಳ ಗಾಡಿ ಮ್ಯಾಲೆ ಏರ್ಕಂಡೋಯ್ತೀನಿ ಬುಡಕ್ಕ," ಎಂದವರು, ಸ್ವಲ್ಪ ದೂರ ನಡೆದು ಕೆಣಕುತ್ತಾರೆ, "ಬೆಳ್ಗೆ ಬೆಳ್ಗೆ ಬೋಣಿ ಕೆಡಿಸ್ಕಂಡೆ ನೋಡು ನೀನು."

ಬೀರಮ್ಮ ಡಬ್ಬ ಅಲ್ಲಾಡಿಸುತ್ತಾರೆ. ಒಳಗೆ ಮುಳ್ಳು ಗಲಗಲ ಎನ್ನುತ್ತದೆ.

"ಅವ್ರು ನಿಲ್ದೆ ಓಗೋದ್ನ ನೋಡೋದೇ ಬೋಣಿ ಕಣ್ಲಾ. ಸಾಯಂಕಾಲ ವಾಪಸ್ ಬರೋವಾಗ ನಿಲ್ಲಲಿ, ಒಂದ್ ಲೋಟ ನೀರ್ ಕುಡ್ಕಂಡು, ನಾಕ್ ಮಾತಾಡ್ಕಂಡ್ ಓಗ್ಲಿ. ಅಷ್ಟು ಸಾಕು ನಂಗೆ."