ಅವ್ವನ ಮುಂದೆ ಹೇಳಿದ ಉಪ್ಪಿಟ್ಟಿನ ಜೋಕು

ನನ್ನ ತಮ್ಮ ಸ್ಟ್ಯಾಂಡಪ್ ಕಾಮಿಡಿಯನ್. ಅವನು ಮೊದಲ ಸಲ ನಮ್ಮ ನಿಪ್ಪಾಣಿಯಲ್ಲೇ ವೇದಿಕೆ ಹತ್ತಿದ ಸಂಜೆ ನಾನು ಅವ್ವನ ಪಕ್ಕದಲ್ಲಿ ಕುಳಿತಿದ್ದೆ. ನನಗಿದ್ದ ಹೆದರಿಕೆ ಒಂದೇ: ಅವ್ವ ನೊಂದು ಎದ್ದು ಹೊರಟುಬಿಟ್ಟರೆ?

ಅವನು ಜನರನ್ನು ನಗಿಸುವುದೇ ನಮ್ಮ ಮನೆಯ ಬಡತನ ಹೇಳಿ. ಅಪ್ಪ ಹೋದ ಮೇಲೆ ಅವ್ವ ಬೀಡಿ ಕಟ್ಟಿ ನಮ್ಮಿಬ್ಬರನ್ನು ಸಾಕಿದಳು. ಓಣಿಯ ಹೆಂಗಸರು ತೊಡೆಯ ಮೇಲೆ ಮೊರ ಇಟ್ಟುಕೊಂಡು ಒಟ್ಟಿಗೆ ಕೂತು ಬೀಡಿ ಸುತ್ತುವಾಗ ಕೈಗೆ ಕೆಲಸ, ಕಿವಿಗೆ ಇಲ್ಲ. "ಬಾರಲೇ ರೇಡಿಯೋ, ಶುರು ಮಾಡು" ಎಂದು ತಮ್ಮನನ್ನು ಕರೆಯುತ್ತಿದ್ದರು. ಅವನು ಮಾಸ್ತರರ ಹಾಗೆ, ಬೀಡಿ ಎಲೆ ತೂಗಿಕೊಡುವ ಗುತ್ತಿಗೆದಾರ ಮುಕಾದಮನ ಹಾಗೆ ಮಾತಾಡಿ ತೋರಿಸುತ್ತಿದ್ದ. ಮುಂದೆ ಚಿಕ್ಕೋಡಿಯ ಕಾಲೇಜಿನ ಗ್ಯಾದರಿಂಗ್, ಅಥಣಿ, ರಾಯಬಾಗದ ಗಣಪತಿ ಮಂಟಪಗಳು, ಆಮೇಲೆ ಮೊಬೈಲ್. ಒಂದು ವಿಡಿಯೊ ಓಡಿತು. ಬೆಂಗಳೂರು, ಪುಣೆಯಲ್ಲಿ ಜನ ಟಿಕೆಟ್ ತೆಗೆಸಿ ಬರತೊಡಗಿದರು. ಅವ್ವ ಮಾತ್ರ ಒಂದನ್ನೂ ನೋಡಿರಲಿಲ್ಲ. ಅವಳದು ಬಟನ್ ಫೋನು.

ಈಗ ಅವಳ ಸುತ್ತ ಅದೇ ಓಣಿ ಕುಳಿತಿತ್ತು. ಮನೆಯಲ್ಲಿ ಬೇಯಿಸಲು ಏನೂ ಇಲ್ಲವೆಂದು ಇವರಿಗೆ ಗೊತ್ತಾಗಬಾರದೆಂದೇ ಅವಳು ಎಷ್ಟೋ ದಿನ ಏನೂ ಇಡದ ಒಲೆಗೆ ಬೆಂಕಿ ಹಚ್ಚಿ ಹೊಗೆ ತೋರಿಸಿದ್ದಳು.

ತಮ್ಮ ಉಪ್ಪಿಟ್ಟಿನ ಕಥೆಗೆ ಬಂದ.

"ಗಡಿ ಆಚೆಯಿಂದ ಮಾಮಾ ಬಂದಾನ್ರಿ. ಬಾಯಿ ತೆರದ್ರ ಮರಾಠಿ. ಮನ್ಯಾಗ ಉಪ್ಪಿಟ್ಟ ಒಂದ ತಾಟ. ಅವ್ವ ನಗನಗತಾ ಕನ್ನಡದಾಗ ನನಗ ಹೇಳ್ತಾಳ, 'ಹಸಿವಿಲ್ಲ ಅನ್ನಲೇ, ಇದ್ದದ್ದ ಇಷ್ಟ.' ಮಾಮಾ ತಾಟ ಸರಿಸಿ ಚಲೋ ಕನ್ನಡದಾಗ ಅಂದ, 'ನನಗೂ ಹಸಿವಿಲ್ಲ ತಂಗಿ.'"

ಸಭೆ ನಕ್ಕಿತು. ನಮ್ಮ ಕಡೆ ಈ ತಪ್ಪು ಮಾಡದ ಮನೆಯಿಲ್ಲ. ಎರಡೂ ಭಾಷೆ ಎಲ್ಲರಿಗೂ ಬರುತ್ತವೆ. ಗುಟ್ಟು ಹೇಳುವಾಗ ಮಾತ್ರ ಅದು ಮರೆತುಹೋಗುತ್ತದೆ.

ಅವ್ವ ನಗಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ನಾನು ಮೊಣಕೈ ಹಿಡಿದೆ, ಬಿಡಿಸಿಕೊಂಡಳು. ನಮ್ಮ ಸಾಲಿನ ನಗು ಮೊದಲು ನಿಂತಿತು, ಆಮೇಲೆ ಹಿಂದಿನದು. ತಮ್ಮ ಮೈಕನ್ನು ಎದೆಗೆ ಒತ್ತಿಕೊಂಡ.

"ಸುಳ್ಳ ಹೇಳಬ್ಯಾಡಲೇ," ಅಂದಳು ಅವ್ವ. "ನಿಮ್ಮ ಮಾಮಾ ಹಸಿವಿಲ್ಲ ಅಂದದ್ದ ಖರೆ. ಹಂಗ ಅಂದು ತಾಟ ಪೂರಾ ಖಾಲಿ ಮಾಡಿದ್ನಲ್ಲ, ಅದನ್ಯಾರ ಹೇಳಬೇಕು? 'ಉಪ್ಪ ಕಮ್ಮಿ ಆಗೈತಿ' ಅಂತ ಬ್ಯಾರೆ ಅಂದ!"

ಸಭೆಯಲ್ಲಿ ಎದ್ದ ಅಂಥ ನಗುವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಹಿಂದಿನ ಸಾಲಿನಿಂದ ಓಣಿಯ ಒಬ್ಬಾಕೆ ಕೂಗಿದಳು: "ನಮಗ್ಯಾಕ ಹೇಳಲಿಲ್ಲಬೇ ಅವಾಗ?"

"ಹೇಳಿದ್ರ ನೀನೂ ಬರತಿದ್ದಿ ತಿನ್ನಾಕ!"

ತಮ್ಮ ವೇದಿಕೆಯ ಅಂಚಿನಲ್ಲಿ ಕುಸಿದು ಕೂತು ನಗುತ್ತಿದ್ದ. "ಕುಂಡ್ರಬೇ ಅವ್ವ, ಜನ ನನ್ನ ನೋಡಾಕ ಬಂದಾರ."

"ಯಾಕ ಕುಂಡ್ರಲಿ? ಇನ್ನೂ ಐತಿ," ಎಂದು ಅವ್ವ ಜನರ ಕಡೆ ತಿರುಗಿದಳು.