ಬರಿಗಾಲಿನ ಪಡೆ

ನಂಜನಗೂಡಿನಲ್ಲಿ ನಂಜುಂಡಸ್ವಾಮಿಯವರನ್ನು ಸಂಶೋಧಕರು ಎಂದು ಕರೆಯುವವರು ಇಬ್ಬರೇ. ಒಬ್ಬರು ಸಾಕ್ಷಾತ್ ನಂಜುಂಡಸ್ವಾಮಿಯವರು. ಇನ್ನೊಬ್ಬ ಅವರ ಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನವನು. ಪಾಪ, ಅವನಿಗೆ ಬೇರೆ ಗತಿಯಿಲ್ಲ. ಮಿಕ್ಕ ಊರಿಗೆಲ್ಲ ಅವರು ಬಟನ್ ಸ್ವಾಮಿ. ಸಹಕಾರ ಸಂಘದ ಕಾರ್ಯದರ್ಶಿಯಾಗಿ ನಿವೃತ್ತರಾದ ಮೇಲೆ ಆ ಮನುಷ್ಯನಿಗೆ ಹಿಡಿದದ್ದು ಒಂದೇ ಹುಚ್ಚು: ಹದಿನೆಂಟನೇ ಶತಮಾನದ ಮೈಸೂರು ಪಡೆಯ ಸಿಪಾಯಿಗಳು ಏನು ತೊಡುತ್ತಿದ್ದರು, ಯಾವ ಬಾವುಟ ಹಿಡಿಯುತ್ತಿದ್ದರು. ಅವರ ಅಂಗಿಗೆ ಗುಂಡಿ ಇತ್ತೋ ಕಟ್ಟುವ ಕಸೆ ಇತ್ತೋ ಎಂಬುದರ ಮೇಲೇ ಇಡೀ ಒಂದು ಪುಸ್ತಕ ಬರೆದು, ಬಿಡುಗಡೆ ಮಾಡಿಸಿ, ಶಾಲು ಹೊದೆಸಿಕೊಂಡವರು. ಇಷ್ಟೆಲ್ಲ ಬರೆದರೂ ಅದು ಯಾರ ಪಡೆ ಎಂದು ಮಾತ್ರ ಎಲ್ಲೂ ಹೇಳುವುದಿಲ್ಲ. ಈಗಿನ ಕಾಲದಲ್ಲಿ ಆ ಹೆಸರು ಎತ್ತಿದರೆ ಗಲಾಟೆಯಾದೀತೆಂಬ ಪುಕ್ಕಲುತನ. ಗುಂಡಿಯ ವಿಷಯಕ್ಕೆ ಎದೆ ತಟ್ಟಿಕೊಂಡು ನಿಲ್ಲುವ ಈ ಶೂರ, ಸುಲ್ತಾನನ ಹೆಸರು ಬರಬೇಕಾದ ಕಡೆಯಲ್ಲೆಲ್ಲ ‘ಅಂದಿನ ಪ್ರಭುತ್ವ’ ಎಂದು ಬರೆದು ನುಣುಚಿಕೊಳ್ಳುತ್ತಾರೆ.

ಇಂಥವರಿಗೆ ಯಶೋಧರಾ ಚಿತ್ರ ಬರೆದುಕೊಡುತ್ತಿದ್ದಳು. ತಗಡೂರಿನ ಹುಡುಗಿ, ಮೈಸೂರಿನಲ್ಲಿ ಚಿತ್ರಕಲೆ ಓದಿ ನಂಜನಗೂಡಿನ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು. ನಂಜುಂಡಸ್ವಾಮಿಗೆ ಸ್ಕೇಲು ಹಿಡಿದರೂ ಗೆರೆ ನೆಟ್ಟಗೆ ಬರುವುದಿಲ್ಲ. ಆದರೆ ಪುಸ್ತಕ ತೆರೆದರೆ ಮೊದಲ ಪುಟದಲ್ಲೇ ‘ಸಚಿತ್ರ ಸಂಶೋಧನೆ: ನಂಜುಂಡಸ್ವಾಮಿ’ ಎಂದು ದಪ್ಪಕ್ಷರ. ಯಶೋಧರಾಳ ಹೆಸರು ಕೊನೆಯ ಪುಟದಲ್ಲಿ, ಪ್ರೆಸ್ಸಿನ ವಿಳಾಸದ ಕೆಳಗೆ, ಇರುವೆ ಗಾತ್ರದಲ್ಲಿ: ‘ಗೆರೆ ಸಹಾಯ’. ಗೆರೆ ಸಹಾಯವಂತೆ! ಬಾಗಿಲು ಹಾಕುವಾಗ ಒಂದು ಕೈ ಕೊಟ್ಟಳೇನೋ ಎಂಬ ಹಾಗೆ. ಅವಳು ಅದನ್ನು ಓದಿ ಮೂಗು ಮುರಿದು ಸುಮ್ಮನಾಗುತ್ತಿದ್ದಳು. ಏಕೆಂದರೆ ಕೆಲಸ ಅವಳಿಗೆ ಇಷ್ಟ. ನೇರಳೆ ಬಣ್ಣದ ಅಂಗಿಯ ಮೇಲೆ ಹುಲಿಪಟ್ಟೆಯ ಬಿಳಿ ಚುಕ್ಕೆಗಳನ್ನು ಒಂದೊಂದಾಗಿ ತುಂಬುವಾಗ ಅವಳಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಚಿತ್ರಕ್ಕೆ ನಿಲ್ಲುವುದಕ್ಕೊಂದು ಮೈ ಬೇಕಲ್ಲ, ಅದು ಅವಳ ಅಪ್ಪ ಚಿಕ್ಕಮಾದುವಿನದು. ಚಪ್ಪಡಿ ಹಾಸುವ ಕೆಲಸ ಮಾಡಿ ಮಾಡಿ ಅವನ ಬೆನ್ನು ಇಂದಿಗೂ ನೆಟ್ಟಗಿತ್ತು. ಭಾನುವಾರ ನಂಜುಂಡಸ್ವಾಮಿಯವರ ಹಿತ್ತಿಲಿನಲ್ಲಿ, ಬಸ್ ಸ್ಟ್ಯಾಂಡಿನ ಟೈಲರ್ ಹೊಲಿದ ಒಂದೇ ಒಂದು ಅಂಗಿ ತೊಟ್ಟು, ಕೋವಿಯ ಬದಲು ಬಿದಿರಿನ ಗಳು ಹಿಡಿದು, ಬಿಸಿಲಿಗೆ ಅಲುಗಾಡದೆ ನಿಲ್ಲುತ್ತಿದ್ದ. ಬಾವುಟಕ್ಕೆಂದು ನಂಜುಂಡಸ್ವಾಮಿಯವರ ಹೆಂಡತಿ ನಾಗರತ್ನಮ್ಮ ತಮ್ಮ ಹಳೆಯ ಸೀರೆಯೊಂದನ್ನು ಕೊಟ್ಟಿದ್ದರು. ಕೆಲಸ ಮುಗಿದ ಮೇಲೆ ಚಿಕ್ಕಮಾದು ಅದನ್ನು ಮಡಿಸಿ ವಾಪಸ್ ಕೊಡಹೋದರೆ, ಆಕೆ ಕೈ ಹಿಂದಕ್ಕೆ ಎಳೆದುಕೊಂಡು, “ಇರ್ಲಿ ಇರ್ಲಿ, ನೀವೇ ಇಟ್ಕೊಳ್ಳಿ” ಅಂದರು. ಕಾಫಿ ಮನೆಯವರಿಗೆಲ್ಲ ಸ್ಟೀಲ್ ಲೋಟದಲ್ಲಿ, ಚಿಕ್ಕಮಾದುವಿಗೆ ಪೇಪರ್ ಕಪ್ಪಿನಲ್ಲಿ. ಹಿಂದಿನವರು ತೆಂಗಿನ ಚಿಪ್ಪಿನಲ್ಲಿ ಕೊಡುತ್ತಿದ್ದರು; ನಮ್ಮ ಜನ ಎಷ್ಟು ಮುಂದುವರಿದಿದ್ದಾರೆ ನೋಡಿ.

ಚಿಕ್ಕಮಾದುವಿನ ಎಡಗಾಲಿನಲ್ಲಿ ಕಿರುಬೆರಳಿರಲಿಲ್ಲ. ಟಿ. ನರಸೀಪುರದ ಕಡೆಯ ದೊಡ್ಡ ಜಮೀನುದಾರ ಕೆಂಪಯ್ಯನವರ ದನದ ಕೊಟ್ಟಿಗೆಗೆ ನೆಲ ಹಾಸುವಾಗ ಚಪ್ಪಡಿ ಜಾರಿ ಬಿದ್ದು ಜಜ್ಜಿಹೋಗಿತ್ತು. ಯಶೋಧರಾ ಆಗ ತೊಟ್ಟಿಲ ಕೂಸು. ಚಿತ್ರ ಬರೆಯುವಾಗ ಅವಳು ಆ ಬೆರಳಿಲ್ಲದ ಕಾಲನ್ನು ಇದ್ದ ಹಾಗೆಯೇ ಬರೆಯುತ್ತಿದ್ದಳು. ಅಪ್ಪನ ಕಾಲಿಗೆ ಇಲ್ಲದ ಬೆರಳು ಅಂಟಿಸುವುದಕ್ಕೆ ಅವಳಿಗೆ ಕೈ ಬರುತ್ತಿರಲಿಲ್ಲ.

ಕಾಲು ಹೀಗೆ, ಇನ್ನು ತಲೆಯ ಕಥೆ ಕೇಳಬೇಕು. “ತಲೆ ಖಾಲಿ ಬಿಡಮ್ಮ, ಆಮೇಲೆ ಫೋಟೋ ಕೊಡ್ತೀನಿ” ಎನ್ನುತ್ತಿದ್ದರು ನಂಜುಂಡಸ್ವಾಮಿ. ಪುಸ್ತಕಕ್ಕೆ ನೆರವಾದ ದಾನಿಗಳಿಗೆ ಅವರು ಕಂಡುಹಿಡಿದಿದ್ದ ಮರ್ಯಾದೆ ಇದು: ಅಕ್ಕಿ ಗಿರಣಿಯವರ ತಾತ ಹವಾಲ್ದಾರ, ಕಲ್ಯಾಣ ಮಂಟಪದವರ ಮುತ್ತಾತ ಕುದುರೆ ಸವಾರ, ಮಾಜಿ ಅಧ್ಯಕ್ಷರ ದೊಡ್ಡಪ್ಪ ತೋಪಿನ ದಳದ ನಾಯಕ. ಒಬ್ಬ ಕನ್ನಡಕ ಹಾಕಿದವನ ಫೋಟೋ ಕೊಟ್ಟು, ಕನ್ನಡಕ ತೆಗೆದು ಮೀಸೆ ಹಾಕಮ್ಮ ಅಂದಿದ್ದರು. ಎಲ್ಲ ತಲೆಗಳೂ ಗೋಧಿ ಬಣ್ಣ.

“ಇದೆಂಥ ಸಂಶೋಧನೆ ಸಾರ್?” ಎಂದು ಅವಳು ಒಮ್ಮೆ ಕೇಳಿಯೇಬಿಟ್ಟಳು.

“ಸಿಪಾಯಿಗಳ ಮುಖ ಹೇಗಿತ್ತು ಅನ್ನೋದಕ್ಕೆ ದಾಖಲೆ ಇಲ್ಲಮ್ಮ. ದಾಖಲೆ ಇಲ್ಲದ ಕಡೆ ಸಂಶೋಧಕನಿಗೆ ಸ್ವಾತಂತ್ರ್ಯ ಇರುತ್ತೆ.”

ದಾಖಲೆ ಇದ್ದ ಕಡೆ ಮಾತ್ರ ಆಸಾಮಿ ಬಲು ಖಡಕ್. ದಾನಿಗಳೆಲ್ಲ ಒಂದೇ ಬಾಯಿಯಿಂದ, ನಮ್ಮ ಹಿರಿಯರಿಗೆ ಬೂಟು ಹಾಕಿಸಿ ಸ್ವಾಮಿ, ಚಪ್ಪಲಿಯಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ದುಂಬಾಲು ಬಿದ್ದರು. ನಂಜುಂಡಸ್ವಾಮಿ ಜಪ್ಪಯ್ಯ ಅನ್ನಲಿಲ್ಲ. ಆ ಕಾಲದ ಬ್ರಿಟಿಷ್ ಅಧಿಕಾರಿಯೊಬ್ಬ ಕಣ್ಣಾರೆ ಕಂಡು ಬರೆದಿದ್ದಾನೆ, ಇವರ ಕಾಲು ಬರಿದು, ಮೆಟ್ಟಿದ್ದು ಬರೀ ಚಪ್ಪಲಿ. ಅದರಲ್ಲಿ ರಾಜಿಯಿಲ್ಲ ಅಂದರು. ತಲೆಗಳನ್ನು ಸಂತೆಗಿಟ್ಟವರು ಕಾಲಿನ ವಿಷಯಕ್ಕೆ ಹರಿಶ್ಚಂದ್ರರಾಗಿದ್ದರು.

ಈ ಸಲದ ಪುಸ್ತಕ ಬಾವುಟಗಳ ಮೇಲೆ. ಕೊನೆಯ ಚಿತ್ರ, ಎಲ್ಲಕ್ಕಿಂತ ದೊಡ್ಡದು, ಸೂರ್ಯನ ಬಾವುಟ ಎತ್ತಿ ಹಿಡಿದ ಸಿಪಾಯಿ. ಯಾವ ಗಳಿಗೆಯಲ್ಲಿ ಯಾವ ದೇವರು ಮೈಮೇಲೆ ಬಂದಿತ್ತೋ, ನಂಜುಂಡಸ್ವಾಮಿ ಹೇಳಿದರು:

“ಏನಯ್ಯಾ ಚಿಕ್ಕಮಾದು, ಇಷ್ಟು ವರ್ಷ ಬಿಸಿಲಲ್ಲಿ ನಿಂತಿದ್ದೀಯ. ಬಾವುಟದೋನಿಗೆ ನಿನ್ನ ಮುಖಾನೇ ಹಾಕಿಸ್ತೀನಿ, ಹೋಗು.”

“ನಿಜವಾಗ್ಲೂವಾ ಸಾ?”

“ನಾನು ಯಾವತ್ತಾದ್ರೂ ಸುಳ್ಳು ಹೇಳಿದ್ದೀನೇನಯ್ಯಾ?”

ಚಿಕ್ಕಮಾದು ಆವತ್ತು ತಗಡೂರಿಗೆ ಹೋದವನು ಬೀದಿಗೆಲ್ಲ ಸಾರಿದ. ಅಕ್ಕ ಮುದ್ದಮ್ಮನಿಗಂತೂ ದಿನಾ ಹೇಳುತ್ತಿದ್ದ. ಅವನ ಒಂದೇ ಒಂದು ಫೋಟೋ ಇದ್ದದ್ದು ಆಧಾರ್ ಕಾರ್ಡಿನಲ್ಲಿ, ಅದರಲ್ಲಿ ಅವನು ಪೊಲೀಸರ ಕೈಗೆ ಸಿಕ್ಕವನ ಹಾಗಿದ್ದ. ಈಗ ಪುಸ್ತಕದಲ್ಲಿ ತನ್ನ ಮುಖ ಬರುತ್ತದೆ, ಮೊಮ್ಮಕ್ಕಳು ನೋಡುತ್ತಾರೆ. ಅಷ್ಟೇ ಅವನ ಆಸೆ, ಬೇರೇನೂ ಅಲ್ಲ. ಯಶೋಧರಾ ಆ ಮುಖವನ್ನು ತಿದ್ದಿ ತೀಡಿ ಬರೆದಳು. ಕಣ್ಣ ಕೆಳಗಿನ ಗೆರೆ, ಮೂಗಿನ ಪಕ್ಕದ ಮಚ್ಚೆ, ಕಪ್ಪು ಬಣ್ಣದೊಳಗಿನ ಆ ತಾಮ್ರದ ಹೊಳಪು, ಎಲ್ಲ ಬಂತು. ಅದುವರೆಗೆ ಬರೆದದ್ದರಲ್ಲೆಲ್ಲ ಅದೇ ಚೆನ್ನಾಗಿತ್ತು, ಅದು ಅವಳಿಗೂ ಗೊತ್ತಿತ್ತು.

ಅಚ್ಚಿಗೆ ಹೋಗುವ ಹೊತ್ತಿಗೆ ಪುಟ್ಟರಾಜು ವಕ್ಕರಿಸಿದ. ನರಸೀಪುರದ ಹತ್ತಿರ ಡೈರಿ ಫಾರಂ ಇಟ್ಟಿರುವವನು, ಆ ಕೆಂಪಯ್ಯನವರ ಮಗ. ಕೆಂಪಯ್ಯನವರು ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು. ಸಮಾರಂಭದ ಹಾಲು, ಊಟ, ಶಾಮಿಯಾನ ಎಲ್ಲ ತನ್ನದು ಎಂದ. “ಆದ್ರೆ ಬಾವುಟದೋನಿಗೆ ನಮ್ಮಪ್ಪಾಜಿ ಮುಖ ಬರ್ಬೇಕು ಕಣ್ರೀ ಸ್ವಾಮಿಗಳೇ” ಎಂದು ಫೋಟೋ ಮೇಜಿನ ಮೇಲಿಟ್ಟು ಹೋದ.

ನಂಜುಂಡಸ್ವಾಮಿ ಯಶೋಧರಾಳನ್ನು ಕರೆಸಿದರು.

“ಸ್ವಲ್ಪ ಬಿಳಿ ಬಣ್ಣ ಹಾಕಿ ಮುಚ್ಚಿ, ಈ ಮುಖ ಬರೆದುಬಿಡಮ್ಮ.”

“ಅದು ನಮ್ಮಪ್ಪನ ಮುಖ ಸಾರ್. ನೀವೇ ಮಾತು ಕೊಟ್ಟಿದ್ರಿ.”

“ಕೊಟ್ಟಿದ್ದೆ, ಇಲ್ಲ ಅನ್ನಲ್ಲ. ಆದ್ರೆ ನೀನೇ ಯೋಚನೆ ಮಾಡು. ಬಾವುಟ ಹಿಡಿಯೋದು ಅಂದ್ರೆ ಸಾಮಾನ್ಯಾನಾ? ಆ ಕಾಲದಲ್ಲಿ ಅದನ್ನ ನಿಮ್ಮೋರ ಕೈಗೆ ಕೊಡ್ತಿದ್ರಾ?”

“ಕೊಡ್ತಿರ್ಲಿಲ್ಲ ಅಂತ ದಾಖಲೆ ಇದೆಯಾ ಸಾರ್?”

“ಇಲ್ಲ. ಕೊಡ್ತಿದ್ರು ಅಂತಾನೂ ಇಲ್ಲ.”

“ಹಂಗಾದ್ರೆ ಸಂಶೋಧಕರಿಗೆ ಸ್ವಾತಂತ್ರ್ಯ ಇದೆಯಲ್ಲ.”

ನಂಜುಂಡಸ್ವಾಮಿಯವರ ಮುಖ ಗಂಟಿಕ್ಕಿತು. “ನನಗೇ ಪಾಠ ಹೇಳ್ಬೇಡ. ಬರೀತೀಯೋ ಇಲ್ವೋ?”

“ಬರಿಯಲ್ಲ. ಆ ಕೆಂಪಯ್ಯನವರ ಕೊಟ್ಟಿಗೇಲೇ ನಮ್ಮಪ್ಪನ ಬೆರಳು ಹೋಗಿದ್ದು.”

“ಯಾವ ಬೆರಳು?” ಅಂದರು ನಂಜುಂಡಸ್ವಾಮಿ. ಉತ್ತರಕ್ಕೂ ಕಾಯದೆ ಫೋನ್ ತೆಗೆದುಕೊಂಡು ಒಳಗೆ ಹೋದರು.

ಯಶೋಧರಾ ಅಲ್ಲೇ ನಿಂತು ಅವರ ಬೆನ್ನನ್ನು ನೋಡಿದಳು. ಅಬ್ಬಾ, ಎಂಥ ಮನುಷ್ಯ! ಇಷ್ಟು ವರ್ಷ ಆ ಕಾಲಿನ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಚಪ್ಪಲಿಯ ಬಾರು ಹೀಗಿರಬೇಕು ಹಾಗಿರಬೇಕು ಎಂದು ಜೀವ ತಿಂದವರು, ಕಾಲನ್ನು ಒಮ್ಮೆಯೂ ನೋಡಿರಲಿಲ್ಲ. ಅವಳಿಗೆ ಅವರ ಮೇಲಿದ್ದ ಕೊನೆಯ ಗೌರವವೂ ಆವತ್ತು ಹೋಯಿತು. ಬ್ರಷ್ಷುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಕೆಲಸವೇನೂ ನಿಲ್ಲಲಿಲ್ಲ. ಫ್ಲೆಕ್ಸ್ ಅಂಗಡಿಯವನು ಕಂಪ್ಯೂಟರಿನಲ್ಲಿ ಚಿಕ್ಕಮಾದುವಿನ ತಲೆ ತೆಗೆದು ಕೆಂಪಯ್ಯನವರ ತಲೆ ಕೂರಿಸಿಕೊಟ್ಟ.

ಅಪ್ಪನಿಗೆ ಹೇಳಲು ಮಾತ್ರ ಅವಳ ಬಾಯಿ ಏಳಲಿಲ್ಲ. ಬಿಡುಗಡೆಯ ದಿನ ಚಿಕ್ಕಮಾದು ಬಿಳಿ ಷರಟು ಹಾಕಿ, ಮುದ್ದಮ್ಮನನ್ನೂ ಹೊರಡಿಸಿಕೊಂಡು ನರಸೀಪುರದ ಬಸ್ಸು ಹತ್ತಿದ. ದಾರಿಯಲ್ಲಿ ಯಶೋಧರಾ, “ಅಪ್ಪ, ಪುಸ್ತಕದಲ್ಲಿ...” ಎಂದು ಶುರು ಮಾಡಿದಳು.

“ಸುಮ್ಕಿರವ್ವ, ಈಗಲೇ ಯೋಳ್ಬುಟ್ರೆ ಏನ್ ಚೆಂದ? ಅಲ್ಲೇ ಓಗಿ ನೋಡಾವ” ಎಂದ ಚಿಕ್ಕಮಾದು. ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

ನರಸೀಪುರದ ಸಮುದಾಯ ಭವನದ ವೇದಿಕೆಯ ಮೇಲೆ ಶಾಲುಗಳ ರಾಶಿ, ಮುಂದಿನ ಸಾಲಿನಲ್ಲಿ ದಾನಿಗಳು. ಪುಸ್ತಕ ಬಿಡುಗಡೆಯಾಗಿ ಎಲ್ಲರ ಕೈಗೂ ಬಂತು. ಹಿಂದಿನ ಸಾಲಿನಲ್ಲಿ ಚಿಕ್ಕಮಾದು ಕೈ ಒರೆಸಿಕೊಂಡು, ತನ್ನದು ಕೊನೆಯ ಚಿತ್ರವಲ್ಲವೇ ಎಂದು ಹಿಂದಿನಿಂದಲೇ ತೆರೆದ. ನೋಡಿದ. ನೋಡುತ್ತಲೇ ಇದ್ದ.

“ಇದ್ಯಾರ್ಲಾ? ನೀನಲ್ವಲ್ಲ” ಅಂದಳು ಮುದ್ದಮ್ಮ.

“ಕೆಂಪಯ್ಯ ಯಜಮಾನ್ರು ಕಣಕ್ಕ.”

ಅಷ್ಟೇ ಅಂದ. ಷರಟಿನ ಕಾಲರನ್ನು ಸರಿಮಾಡಿಕೊಳ್ಳುತ್ತಿದ್ದ ಕೈ ಹಾಗೇ ನಿಂತಿತು. ಯಶೋಧರಾಳಿಗೆ ಆ ಪುಸ್ತಕಗಳನ್ನೆಲ್ಲ ಗುಡ್ಡೆ ಹಾಕಿ ಬೆಂಕಿ ಇಡುವಷ್ಟು ಮೈ ಉರಿಯಿತು. ಅಪ್ಪನ ಮುಖ ನೋಡುವ ಧೈರ್ಯವಾಗದೆ ನೆಲ ನೋಡುತ್ತಾ ಕೂತಳು.

ಮುದ್ದಮ್ಮ ಮಾತ್ರ ಬಿಡುವ ಹೆಂಗಸಲ್ಲ. ಅವಳ ಬೆರಳು ಚಿತ್ರದ ಮೇಲೆ ಕೆಳಗೆ ಕೆಳಗೆ ಜಾರಿತು. “ಅಲ್ಲ ಕಣ್ಲಾ, ಈ ಕಾಲು ನಿಂದಲ್ವಾ? ಬೆರಳೇ ಇಲ್ವಲ್ಲೋ!”

ಚಿಕ್ಕಮಾದು ಬಗ್ಗಿ ನೋಡಿದ. ಹಾಳೆ ತಿರುಗಿಸಿದ. ಅಕ್ಕಿ ಗಿರಣಿಯವರ ತಾತ ನಿಂತಿದ್ದ, ಕೆಳಗೆ ಅದೇ ಕಾಲು. ಇನ್ನೊಂದು ತಿರುಗಿಸಿದ, ಮಾಜಿ ಅಧ್ಯಕ್ಷರ ದೊಡ್ಡಪ್ಪ, ಅದೇ ಕಾಲು. ಚಿಕ್ಕಮಾದುವಿನ ಹೊಟ್ಟೆಯಿಂದ ನಗು ಉಕ್ಕಿ ಬಂತು.

“ಇದೂ ನಂದೇಯ. ಇದೂ ನಂದೇಯ. ಅಯ್ಯೋ ಇವ್ರ ಮನೆ ಆಳಾಗ, ಒಬ್ಬುನ್ಗೂ ಸ್ವಂತ ಕಾಲಿಲ್ವಲ್ಲ ಕಣಕ್ಕ!”

ಮುಂದಿನ ಸಾಲಿನವರು ತಿರುಗಿ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ತಂತಮ್ಮ ಹಿರಿಯರ ಪಾದ ದರ್ಶನಕ್ಕೆ ಇಳಿದರು. ಪುಟ್ಟರಾಜು ಎದ್ದೇ ನಿಂತ. “ಏನ್ರೀ ಸ್ವಾಮಿಗಳೇ, ನಮ್ಮಪ್ಪಾಜಿಗೆ ಕಿರುಬೆರಳೇ ಇಲ್ವಲ್ರೀ?” ಗಿರಣಿಯವರು, “ನಮ್ಮ ತಾತಂಗೂ ಇಲ್ಲ” ಅಂದರು. ಗದ್ದಲವೆದ್ದಿತು.

ನಂಜುಂಡಸ್ವಾಮಿ ಪುಸ್ತಕ ತೆರೆದು ನೋಡಿದರು. ಮುಖ ಸುಟ್ಟ ಬದನೆಕಾಯಿಯಾಯಿತು. ಆದರೆ ಸಹಕಾರ ಸಂಘದಲ್ಲಿ ಪಳಗಿದ ಜೀವ, ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡಿತು. “ಮಹನೀಯರೇ, ಶಾಂತಿ. ಇದು ನನ್ನ ಸಂಶೋಧನೆಯ ಮುಖ್ಯ ಅಂಶ. ಆ ಪಡೆಯ ವೀರರು ನಾಡಿಗಾಗಿ ಎಡಗಾಲಿನ ಕಿರುಬೆರಳನ್ನೇ ಅರ್ಪಿಸಿ ಶಪಥ ಮಾಡುತ್ತಿದ್ದರು. ಇದಕ್ಕೆ ದಾಖಲೆ ಇದೆ.”

ಚಪ್ಪಾಳೆ! ಪುಟ್ಟರಾಜು ಮೀಸೆಯ ಮೇಲೆ ಕೈ ಹಾಕಿಕೊಂಡು ಕೂತ. ಥೂ, ಇಷ್ಟೇನಾ ಈ ಮನುಷ್ಯನ ಖಡಕ್ಕು ಎಂದು ಯಶೋಧರಾಳ ಬಾಯಿ ಕಹಿಯಾಯಿತು. ಇವಳು ಏಳುವಷ್ಟರಲ್ಲಿ ಚಿಕ್ಕಮಾದು ಎದ್ದು ನಡುವಿನ ದಾರಿಯಲ್ಲಿ ಹೋಗಿ, ವೇದಿಕೆಯ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು, ಎಡಗಾಲನ್ನು ಮೆಟ್ಟಿಲ ಮೇಲಿಟ್ಟ.

“ಸಾ, ಅದುಕ್ಕೆ ದಾಖ್ಲೆ ನನ್ತಾವ ಅದೆ. ದಂಡಲ್ಲಿ ಓಗಿದ್ದಲ್ಲ ಇದು. ಈ ಪುಟ್ಟರಾಜಪ್ಪೋರ ಕೊಟ್ಟಿಗೇಲಿ ಚಪ್ಪಡಿ ಬಿದ್ದು ಓಗಿದ್ದು. ಅವತ್ತು ಇವ್ರಪ್ಪ ಒಂದ್ ಲೋಟ ಮಜ್ಗೆ ಕೊಟ್ಟು ಮನ್ಗೆ ಕಳ್ಸಿದ್ರು. ಇವತ್ತು ಅವ್ರೇ ಬಂದು ಇದ್ರು ಮ್ಯಾಲೆ ನಿಂತವ್ರೆ.”

ಹಿಂದಿನ ಸಾಲುಗಳು ಹೋ ಎಂದು ನಕ್ಕವು. ಪುಟ್ಟರಾಜುವಿಗೆ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ. ಯಾರೋ ಓಡಿ ಬಂದು ಮೈಕ್ ಕಿತ್ತುಕೊಂಡು ವಂದನಾರ್ಪಣೆ ಶುರು ಮಾಡಿದರು. ಚಿಕ್ಕಮಾದು ಚಪ್ಪಲಿ ಮೆಟ್ಟಿಕೊಂಡು, ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, ಊಟಕ್ಕೂ ನಿಲ್ಲದೆ ಅಕ್ಕನನ್ನೂ ಮಗಳನ್ನೂ ಕರೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ.

ಕೆಲವು ತಿಂಗಳಲ್ಲೇ ಆ ಪುಸ್ತಕದ ಎರಡನೇ ಮುದ್ರಣ ಬಂತು. ಯಶೋಧರಾಳ ಶಾಲೆಯ ಲೈಬ್ರರಿಗೂ ಒಂದು ಪ್ರತಿ ಬಿತ್ತು. ತೆರೆದು ನೋಡಿದರೆ ಫ್ಲೆಕ್ಸ್ ಅಂಗಡಿಯವನು ಇಡೀ ಪಡೆಗೆ ಕರಿ ಬೂಟು ಹಾಕಿಸಿದ್ದ. ಹವಾಲ್ದಾರನಿಗೂ, ನಾಯಕನಿಗೂ, ಬಾವುಟದ ಕೆಂಪಯ್ಯನವರಿಗೂ ಮೊಣಕಾಲುದ್ದದ ಫಳಫಳ ಬೂಟು. ಎದುರು ಪುಟದಲ್ಲಿ ಮಾತ್ರ ಹಳೆಯ ಸಾಲು ಹಾಗೇ ಉಳಿದಿತ್ತು: ‘ಈ ಸಿಪಾಯಿಗಳ ಕಾಲು ಬರಿದಾಗಿರುತ್ತಿತ್ತು.’ ತಾನು ಬರೆದದ್ದನ್ನು ತಾನೇ ಓದುವ ಅಭ್ಯಾಸವೂ ಬಟನ್ ಸ್ವಾಮಿಗೆ ಇರಲಿಲ್ಲ.

ಅವಳು ಆ ಪ್ರತಿಯನ್ನು ತಗಡೂರಿಗೆ ಒಯ್ದು ಅಪ್ಪನ ಮುಂದಿಟ್ಟಳು. “ನೋಡಪ್ಪ, ಅದನ್ನೂ ಮುಚ್ಚಿಬಿಟ್ರು.”

ಚಿಕ್ಕಮಾದು ಜಗಲಿಯ ಮೇಲೆ ಕೂತು ಹಾಳೆಗಳನ್ನು ನಿಧಾನವಾಗಿ ತಿರುಗಿಸಿದ.

“ಮುಚ್ಕೊಳ್ಲಿ ಬುಡವ್ವ” ಅಂದ. “ಬೂಟಿನ್ ಒಳ್ಗಿರೋ ಕಾಲು ಯಾರ್ದು ಅಂತ ಅವ್ರಿಗೆಲ್ಲ ಗೊತ್ತಾಗೋಗದೆ.”